ಪಂಚನಾಮೆಗೆ ಸಿಗದ ನಷ್ಟ



ವಿಪತ್ತು ಮತ್ತು ಲಿಂಗತ್ವ ಕುರಿತ ಈ ವಿಚಾರ ಸಂಕಿರಣದ ಆಶಯವಾಗಿ ಒಂದೇ ಮಾತನ್ನು ನಿಮ್ಮ ಮುಂದಿಡುತ್ತೇನೆ. ನೆರೆಯಲ್ಲಿ ಯಾರು ಸಾಯುತ್ತಾರೆ, ನೆರೆ ಇಳಿದ ಮೇಲೆ ಯಾರು ಬೀದಿಗೆ ಬೀಳುತ್ತಾರೆ ಎಂಬುದು ಬಹುಮಟ್ಟಿಗೆ ಮಳೆ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ.

1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 1.4 ಲಕ್ಷ ಜನ ಬಲಿಯಾದರು. ಸಂಶೋಧಕರ ಲೆಕ್ಕದಲ್ಲಿ, 20ರಿಂದ 44ರ ವಯಸ್ಸಿನ ಗಂಡಸರಲ್ಲಿ ಸಾವಿರಕ್ಕೆ 15 ಮಂದಿ ಸತ್ತಿದ್ದರೆ, ಅದೇ ವಯಸ್ಸಿನ ಹೆಂಗಸರಲ್ಲಿ ಸಾವಿರಕ್ಕೆ 71 ಮಂದಿ. ಎಚ್ಚರಿಕೆಯ ಸುದ್ದಿ ಗಂಡಸರು ಸೇರುವ ಕಡೆಗಳಲ್ಲೇ ಸುತ್ತಾಡಿತ್ತು. ಎಷ್ಟೋ ಹೆಂಗಸರು ಗಂಡ ಬರಲೆಂದು ಮನೆಯಲ್ಲೇ ಕಾದರು. ಮರೆಯಿಲ್ಲದ ಆಶ್ರಯತಾಣಕ್ಕೆ ಹೋಗಲು ಹಿಂಜರಿದರು. ಈಜು ಅವರಿಗೆ ಯಾರೂ ಕಲಿಸಿರಲಿಲ್ಲ, ಕಂಕುಳಲ್ಲಿ ಮಗುವಿತ್ತು. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲೂ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ದೋಣಿಗಳು ಆಳ ಕಡಲಲ್ಲಿದ್ದವು. ಮೀನಿಗಾಗಿ ಕಾದ ಹೆಂಗಸರು ದಡದಲ್ಲಿದ್ದರು.

ಇದು ಹಣೆಬರಹವಲ್ಲ ಎಂಬುದನ್ನೂ ಬಾಂಗ್ಲಾದೇಶವೇ ತೋರಿಸಿಕೊಟ್ಟಿತು. ಆಶ್ರಯತಾಣಗಳು ಹೆಚ್ಚಿದವು, ಹೆಂಗಸರಿಗೆ ಪ್ರತ್ಯೇಕ ಕೋಣೆಗಳು ಬಂದವು, ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ಸ್ವಯಂಸೇವಕರಲ್ಲಿ ಈಗ ಅರ್ಧದಷ್ಟು ಮಂದಿ ಮಹಿಳೆಯರೇ. 2007ರ ಸಿದ್ರ್ ಚಂಡಮಾರುತವೂ ಭೀಕರವೇ. ಆದರೆ ಸಾವಿನ ಸಂಖ್ಯೆ ಮೂರೂವರೆ ಸಾವಿರದ ಆಸುಪಾಸಿಗೆ ಇಳಿದಿತ್ತು.

ನಮ್ಮಲ್ಲಿ 2009ರಲ್ಲಿ ಉತ್ತರ ಕರ್ನಾಟಕ ಮುಳುಗಿತು, 2018ರಲ್ಲಿ ಕೊಡಗಿನ ಗುಡ್ಡಗಳು ಜರಿದವು, 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಒಟ್ಟಿಗೇ ಉಕ್ಕಿದವು. ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಹಂಗಾಮಿನ ಕೂಲಿಯೇ ತಪ್ಪಿತಲ್ಲ, ಅದಕ್ಕೆ ಪಂಚನಾಮೆ ಇಲ್ಲ. ಕಾಫಿ ತೋಟದ ಲೈನ್ ಮನೆ ಕುಸಿದರೆ ಅದರಲ್ಲಿದ್ದ ಕುಟುಂಬದ ಕೈಯಲ್ಲಿ ಹಕ್ಕುಪತ್ರವಿರುವುದಿಲ್ಲ. ಕಾಳಜಿ ಕೇಂದ್ರದಲ್ಲಿ ಊಟ ಸಿಗುತ್ತದೆ, ಸರಿ. ಶೌಚಾಲಯ ಎಷ್ಟು ದೂರ? ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ? ಬಾಣಂತಿ ಎಲ್ಲಿ ಮಲಗುತ್ತಾಳೆ? ಒಬ್ಬಂಟಿ ಮುದುಕಿಯ, ಅಂಗವಿಕಲರ, ಲಿಂಗತ್ವ ಅಲ್ಪಸಂಖ್ಯಾತರ ಹೆಸರು ಪಟ್ಟಿಯಲ್ಲಿದೆಯೇ?

ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲೇ ಬಂದಿದೆ. ಪರಿಹಾರದಲ್ಲಿ ಲಿಂಗ, ಜಾತಿ, ಸಮುದಾಯ, ಧರ್ಮದ ತಾರತಮ್ಯ ಕೂಡದು ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಎಣಿಸದ ತಾರತಮ್ಯವನ್ನು ಯಾವ ಕಾಯ್ದೆಯೂ ಸರಿಪಡಿಸಲಾರದು. ಆ ಎಣಿಕೆ ಸಮಾಜ ವಿಜ್ಞಾನಿಗಳ ಹೊಣೆ.

ಆದ್ದರಿಂದ ಗೋಷ್ಠಿಗಳಿಗೆ ನನ್ನದೊಂದು ಕೋರಿಕೆ. ಪ್ರಬಂಧಗಳ ಜತೆಗೆ, ನಮ್ಮ ಯಾವುದೇ ಗ್ರಾಮ ಪಂಚಾಯಿತಿ ಬಳಸಬಹುದಾದ ಒಂದು ನಷ್ಟದ ನಮೂನೆಯನ್ನೂ ಸಿದ್ಧಪಡಿಸಿ. ಅದರಲ್ಲಿ ಕಳೆದುಹೋದ ಕೂಲಿಗೆ, ಬಾಡಿಗೆ ಮನೆಗೆ, ಹೆಣ್ಣಿನ ಹೆಸರಿಗೆ ಪ್ರತ್ಯೇಕ ಅಂಕಣವಿರಲಿ. ಅದನ್ನು ಭರ್ತಿ ಮಾಡುವಾಗ ಆ ಹೆಂಗಸರೂ ಜತೆಗೆ ಕೂರಲಿ. ಮುಂದಿನ ಮುಂಗಾರಿಗೆ ಮೊದಲೇ ಅದು ಜಿಲ್ಲಾಡಳಿತದ ಕೈ ಸೇರಿದರೆ ಈ ಸಂಕಿರಣ ಸಾರ್ಥಕ.