ಪೊರಕೆಯೂ ಅಳತೆಯ ದಾರವೂ

ಉತ್ಪಾದಕ ಕೈಕೆಲಸವನ್ನು ನಡುವಿಟ್ಟುಕೊಂಡೇ ಮಕ್ಕಳ ವಿದ್ಯಾಭ್ಯಾಸ ಸಾಗಬೇಕೆಂದು 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನೆರೆದ ಸಮ್ಮೇಳನ ನಿರ್ಣಯಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯವರಿಗೆ 10 ದಿನ ಪುಸ್ತಕದ ಚೀಲವಿಲ್ಲದ ಕಲಿಕೆಯನ್ನು ಸೂಚಿಸಿದೆ. ಮಾತು ಹಳೆಯದು, ನಡೆಸುವಲ್ಲಿ ಎಡವುತ್ತೇವೆ. ನಾನೂ ಎಡವಿದವನೇ.

ಮಾಧ್ಯಮಿಕ ಶಾಲೆಯಲ್ಲಿದ್ದಾಗ ಏಳನೆಯ ತರಗತಿಯವರನ್ನು ಊರ ಕಲ್ಯಾಣಿಗೆ ಕರೆದೊಯ್ದೆ. ಮಕ್ಕಳು ದಿನವಿಡೀ ಪಾಚಿ ಕೆರೆದರು, ಕಸ ಹೊತ್ತರು. ನಾನು ಸೇವೆಯನ್ನು ಕುರಿತು ಭಾಷಣ ಮಾಡಿದೆ. ತಿಂಗಳೊಳಗೆ ನೀರು ಮತ್ತೆ ನಾರಿತು. “ಕೊಳೆ ಎಲ್ಲಿಂದ ಬರುತ್ತೆ ಅಂತ ನಾವು ನೋಡಲೇ ಇಲ್ವಲ್ಲ, ಮೇಷ್ಟ್ರೇ!” ಎಂದಳೊಬ್ಬ ಹುಡುಗಿ. ನನಗೆ ನಾಚಿಕೆಯಾಯಿತು.

ಎರಡನೆಯ ಸಲ ಪೊರಕೆ ಬಿಟ್ಟು ಅಳತೆಯ ದಾರ, ನೋಟುಪುಸ್ತಕ ಒಯ್ದೆವು. ಒಡೆದ ಚರಂಡಿಯೊಂದು ಕಲ್ಯಾಣಿಯತ್ತ ಹರಿಯುತ್ತಿತ್ತು. ಮಕ್ಕಳು ಅಳೆದು ನಕ್ಷೆ ಬರೆದರು. ನೆರೆಮನೆಗಳವರನ್ನು ವಿಚಾರಿಸಿ ಪಂಚಾಯಿತಿಗೆ ಅರ್ಜಿ ಬರೆದರು, ಮೂರು ಬಾರಿ ತಿದ್ದಿ. ವಿಭಕ್ತಿ ತಪ್ಪಿದರೆ ದೂರು ಯಾರ ಮೇಲೆಂಬುದೇ ತಪ್ಪೀತೆಂದು ಅಂದು ಅವರಿಗೆ ತಿಳಿಯಿತು. ಅಷ್ಟು ವರ್ಷ ವ್ಯಾಕರಣ ಹೇಳಿದ ನನಗೂ, ಸಂಕೋಚವೇಕೆ, ಅಂದೇ ತಿಳಿದದ್ದು.

ಚರಂಡಿ ಸರಿಹೋಗಲು ಎರಡು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಆ ಮಕ್ಕಳು ಹೈಸ್ಕೂಲು ಸೇರಿದ್ದರು. ಆದರೂ ಕೆಲಸ ನಡೆದ ದಿನ ನೋಡಲು ಓಡಿಬಂದರು.