ಅರಳು ಮರಳು ಅಂತ ಬಿಟ್ಟುಬಿಡಬೇಡಿ

(ಸಾಕ್ಷರತಾ ಕೇಂದ್ರಗಳಲ್ಲಿ ಮಾಡಿದ ಭಾಷಣ)



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಹಳ್ಳಿಗೆ ಹೋದರೂ ಒಂದು ಗಾದೆ ಕೇಳುತ್ತೇವೆ. ಅರವತ್ತಕ್ಕೆ ಅರಳು ಮರಳು. ಈ ದಿನ ನಾವು ಆ ಗಾದೆಯ ಜೊತೆ ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇವೆ. ಗಾದೆ ವೇದಕ್ಕೆ ಸಮಾನ ಅಂತೀರಿ. ಇರಲಿ. ಆದರೆ ಈ ಒಂದು ಗಾದೆಯ ಮರೆಯಲ್ಲಿ ಒಂದು ಕಾಯಿಲೆ ಎಷ್ಟೋ ಮನೆಗಳಲ್ಲಿ ಅಡಗಿ ಕೂತಿದೆ.

ಒಂದು ಮನೆಯ ಮಾತು ತೆಗೆದುಕೊಳ್ಳೋಣ. ಅಜ್ಜಿ ಬೆಳಿಗ್ಗೆ ಮುದ್ದೆ, ಸಾರು ಉಂಡಿದ್ದಾರೆ. ಅರ್ಧ ಗಂಟೆ ಕಳೆಯಿತು. ಜಗಲಿ ಮೇಲೆ ಕೂತು ಹೋಗೋರು ಬರೋರಿಗೆಲ್ಲ ಹೇಳುತ್ತಾರೆ, "ನಂಗೆ ಮುದ್ದೆ ಇಕ್ಕಿಲ್ಲ ಕಣಪ್ಪಾ, ಹೊಟ್ಟೆ ಹಸೀತದೆ." ಕೇಳಿದವರು ಸೊಸೆಯನ್ನು ಬೈಯುತ್ತಾರೆ. ಸೊಸೆ ಒಳಗೆ ಕೂತು ಅಳುತ್ತಾಳೆ. ಸಂಜೆ ಮಗ ಬಂದರೆ ಗಂಡ ಹೆಂಡಿರಿಗೆ ಜಗಳ. ಅಜ್ಜಿ ಸುಳ್ಳು ಹೇಳಿದರೇ? ಇಲ್ಲ. ಸೊಸೆ ಊಟ ಇಕ್ಕಲಿಲ್ಲವೇ? ಇಕ್ಕಿದ್ದಾಳೆ. ಹಾಗಾದರೆ ಏನಾಯಿತು? ಉಂಡದ್ದು ಅಜ್ಜಿಯ ಮೆದುಳಿನಲ್ಲಿ ನಿಲ್ಲಲೇ ಇಲ್ಲ. ಅವರ ಪಾಲಿಗೆ ಆ ಊಟ ನಡೆದೇ ಇಲ್ಲ. ಅದೇ ಅಜ್ಜಿಗೆ ರಾಗಿ ಬೀಸೋ ಪದ ಹೇಳಿ ಅನ್ನಿ. ಐವತ್ತು ವರ್ಷದ ಹಿಂದೆ ಕಲಿತದ್ದನ್ನು ಒಂದಕ್ಷರ ಬಿಡದೆ ಹೇಳುತ್ತಾರೆ! ಇದನ್ನು ನೋಡಿದ ಜನ, "ಬೇಕಂತಲೇ ನಾಟಕ ಆಡ್ತದೆ ಮುದುಕಿ" ಅಂದುಬಿಡುತ್ತಾರೆ. ಅಲ್ಲ. ಈ ಕಾಯಿಲೆಯ ಗುಣವೇ ಅದು. ಇವತ್ತಿನದು ಮೊದಲು ಹೋಗುತ್ತದೆ, ಹಳೆಯದು ಕಡೆಗೆ ಹೋಗುತ್ತದೆ.

ಈ ಕಾಯಿಲೆಗೆ ಡಾಕ್ಟರು ಡಿಮೆನ್ಷಿಯಾ ಅನ್ನುತ್ತಾರೆ. ನಾವು ಮರೆವಿನ ಕಾಯಿಲೆ ಅನ್ನೋಣ.

ಈಗ ಗಾದೆಗೆ ಬರೋಣ. 2023ರಲ್ಲಿ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೊರಬಂತು. ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು 7 ಜನಕ್ಕೆ ಈ ಕಾಯಿಲೆ ಇದೆ. ಒಟ್ಟು 88 ಲಕ್ಷ ಜನ. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನೀವೆಲ್ಲ ಈಗ ಲೆಕ್ಕ ಕಲಿತಿದ್ದೀರಿ. ನೂರರಲ್ಲಿ ಏಳು ಕಳೆಯಿರಿ. 93 ಜನಕ್ಕೆ ಈ ಕಾಯಿಲೆ ಇಲ್ಲ. ವಯಸ್ಸಾದರೆ ಅರಳು ಮರಳು ಬಂದೇ ಬರುವುದಾದರೆ ನೂರಕ್ಕೆ ನೂರೂ ಬರಬೇಕಿತ್ತಲ್ಲ?

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕುದೂರಿನಿಂದ ಹುಲಿಕಲ್ಲಿಗೆ ಹೋಗುವ ದಾರಿಯಲ್ಲಿ ಗಂಡನ ಜೊತೆ ನೀರು ಹೊತ್ತು ಆಲದ ಮರ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ದೆಹಲಿಗೆ ಹೋದಾಗ ನೂರು ದಾಟಿತ್ತು. ರಾಷ್ಟ್ರಪತಿಗಳ ಹಣೆ ಮುಟ್ಟಿ ಹರಸಿ ಬಂದರು! 2025ರ ನವೆಂಬರ್‌ನಲ್ಲಿ ತೀರಿಕೊಂಡರು. ವಯಸ್ಸೇ ಕಾಯಿಲೆ ಅನ್ನುವವರಿಗೆ ಈ ತಾಯಿಯನ್ನು ತೋರಿಸಬಹುದು.

ಇನ್ನೊಂದು ಕಡೆ ನೋಡಿ. ಜರ್ಮನಿ ದೇಶದಲ್ಲಿ ಆಲ್ಝೈಮರ್ ಅನ್ನುವ ಡಾಕ್ಟರು ಇದ್ದರು. ಅವರ ಹತ್ತಿರ ಬಂದ ಒಬ್ಬ ಹೆಂಗಸಿಗೆ ಐವತ್ತರ ಆಸುಪಾಸು. ಅರವತ್ತು ಕೂಡ ಆಗಿರಲಿಲ್ಲ. ಆಕೆಗೆ ಮರೆವು, ಅನುಮಾನ, ದಿಕ್ಕು ತಪ್ಪುವುದು ಎಲ್ಲ ಇತ್ತು. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷೆ ಮಾಡಿ, 1906ರಲ್ಲಿ ಆ ಡಾಕ್ಟರು ತಾವು ಕಂಡದ್ದನ್ನು ಹೇಳಿದರು. ಮೆದುಳಿನ ಕಣಗಳು ಸತ್ತಿದ್ದವು. ನಡುನಡುವೆ ಕಸದಂಥ ಪದಾರ್ಥ ಕಟ್ಟಿಕೊಂಡಿತ್ತು. ಮರೆವಿನ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಬಗೆಗೆ ಇವತ್ತಿಗೂ ಅವರದೇ ಹೆಸರು. ಎರಡನೆಯ ಬಗೆ ರಕ್ತನಾಳದ್ದು. ಬಿ.ಪಿ., ಸಕ್ಕರೆ ಕಾಯಿಲೆ ಹೆಚ್ಚಾಗಿ ಮೆದುಳಿನ ಸಣ್ಣ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಅಲ್ಲಲ್ಲಿ ರಕ್ತ ಸಿಗದೆ ಮೆದುಳು ಒಣಗುತ್ತದೆ.

ರಾಮನಗರದವರಿಗೆ ಇದನ್ನು ರೇಷ್ಮೆಯಲ್ಲೇ ಹೇಳಬಹುದು. ಗೂಡಿನಿಂದ ನೂಲು ತೆಗೆಯುವಾಗ ಎಳೆ ಕಡಿದರೆ ಏನು ಮಾಡುತ್ತೀರಿ? ತುದಿ ಹುಡುಕಿ ಮತ್ತೆ ಸೇರಿಸುತ್ತೀರಿ. ಆರೋಗ್ಯದ ಮೆದುಳೂ ಹಾಗೆಯೇ. ಕನ್ನಡಕ ಎಲ್ಲಿಟ್ಟೆ ಅಂತ ಮರೆತರೆ, ಸ್ವಲ್ಪ ಹೊತ್ತಿಗೆ ನೆನಪಾಗುತ್ತದೆ. ಅದು ಕಾಯಿಲೆ ಅಲ್ಲ. ನಮಗೂ ಆಗುತ್ತದೆ, ನಿಮಗೂ ಆಗುತ್ತದೆ. ಕಾಯಿಲೆಯಲ್ಲಿ ಕಡಿದ ತುದಿ ಸಿಗುವುದೇ ಇಲ್ಲ. ಕನ್ನಡಕ ಯಾತಕ್ಕೆ ಅನ್ನುವುದೇ ತಿಳಿಯುವುದಿಲ್ಲ. ನಲವತ್ತು ವರ್ಷ ಓಡಾಡಿದ ಸಂತೆ ಬೀದಿಯಲ್ಲಿ ಮನೆಯ ದಾರಿ ತಪ್ಪುತ್ತದೆ. ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆ. ಚಿಲ್ಲರೆ ಲೆಕ್ಕ ಬರುವುದಿಲ್ಲ. ಒಲೆ ಹಚ್ಚಿ ಮರೆಯುತ್ತಾರೆ. "ನನ್ನ ಓಲೆ ಕದ್ದರು" ಅಂತ ಮನೆಯವರ ಮೇಲೆ ಅನುಮಾನ. ಸಾಧುವಾಗಿದ್ದವರು ಹೊಡೆಯಲು ಬರುತ್ತಾರೆ. ಇಂಥದ್ದು ದಿನದಿನಕ್ಕೂ ಹೆಚ್ಚುತ್ತಾ ಬಂದರೆ ಗಾದೆ ಹೇಳಿಕೊಂಡು ಕೂರಬೇಡಿ.

ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುವವರೂ ಇದ್ದಾರೆ. ಕೆಂಗಲ್ ಹನುಮಂತರಾಯನಿಗೆ ಹರಕೆ ಹೊರಬೇಡಿ ಅಂತ ನಾವು ಹೇಳುವುದಿಲ್ಲ. ಹರಕೆ ಹೊತ್ತು ಅದೇ ವಾರ ಆಸ್ಪತ್ರೆಗೂ ಹೋಗಿ.

ಯಾಕೆ ಬೇಗ ಹೋಗಬೇಕು? ವಾಸಿಯಾಗದ ಕಾಯಿಲೆ ಅಂತೀರಿ, ಹೋಗಿ ಏನು ಪ್ರಯೋಜನ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೇಳಿ. ಮರೆವು ಬಂದವರಿಗೆಲ್ಲ ಇದೇ ಕಾಯಿಲೆ ಇರುವುದಿಲ್ಲ. ಥೈರಾಯಿಡ್ ಕಡಿಮೆಯಾದರೂ ಮರೆವು ಬರುತ್ತದೆ. ಬಿ-12 ಅನ್ನುವ ಜೀವಸತ್ವ ಕಡಿಮೆಯಾದರೂ ಬರುತ್ತದೆ. ಗಂಡನೋ ಹೆಂಡತಿಯೋ ತೀರಿಹೋಗಿ ಮನಸ್ಸು ಕುಗ್ಗಿದರೂ ಬರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು, ತಲೆಯ ಒಳಗೆ ನಿಧಾನವಾಗಿ ರಕ್ತ ಸೇರಿದರೂ ಬರುತ್ತದೆ. ಹತ್ತಾರು ಮಾತ್ರೆ ಒಟ್ಟಿಗೆ ನುಂಗಿದರೂ ಬರುತ್ತದೆ. ಇವುಗಳಿಗೆಲ್ಲ ಚಿಕಿತ್ಸೆ ಇದೆ. ಬೇಗ ಹೋದರೆ ಮನುಷ್ಯ ಮೊದಲಿನಂತೆ ಆಗಬಹುದು. ಅರಳು ಮರಳು ಅಂತ ಮೂಲೆಯಲ್ಲಿ ಕೂರಿಸಿದರೆ, ವಾಸಿಯಾಗುವ ಅಜ್ಜನನ್ನೂ ನಾವು ಕಳೆದುಕೊಳ್ಳುತ್ತೇವೆ.

ನಿಜವಾದ ಮರೆವಿನ ಕಾಯಿಲೆಯೇ ಇದ್ದರೆ ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಕೆಲವು ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಸಹಾಯ ಮಾಡುತ್ತವೆ. ನೆನಪಿನ ಟಾನಿಕ್ಕು ಅಂತ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಬಾಟಲಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿಗೆ ಬಿ.ಪಿ. ಮಾತ್ರೆ ತಪ್ಪದೆ ತನ್ನಿ, ಅದು ಮೇಲು.

ಇನ್ನೊಂದು ವಿಷಯ. ನಮ್ಮ ಕಡೆ ಇದು ಬಹಳ ಮುಖ್ಯ. ಬೆಂಗಳೂರು ಹತ್ತಿರ ಬಂದುಬಿಟ್ಟಿದೆ. 2023ರಲ್ಲಿ ಮೈಸೂರಿನ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ರಾಗಿ ಬೆಳೆಯುತ್ತಿದ್ದ ಹೊಲ ಈಗ ಚದರ ಅಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಜಮೀನು ಯಾರ ಹೆಸರಿನಲ್ಲಿ ಇರುತ್ತದೆ? ಹೆಚ್ಚಾಗಿ ಮನೆಯ ಹಿರಿಯರ ಹೆಸರಿನಲ್ಲಿ. ಮರೆವು ಬಂದ ತಾತನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಹೊರಗಿನವರೇ ಆಗಬೇಕಿಲ್ಲ, ಒಬ್ಬ ಮಗ ಇನ್ನೊಬ್ಬ ಮಗನಿಗೆ ತಿಳಿಯದ ಹಾಗೆ ಮಾಡಬಹುದು. ಹೆಣ್ಣುಮಕ್ಕಳ ಪಾಲಂತೂ ಕೇಳುವವರೇ ಇಲ್ಲ.

ಕಾನೂನು ಏನು ಹೇಳುತ್ತದೆ? ಪತ್ರಕ್ಕೆ ಸಹಿ ಮಾಡುವವರಿಗೆ, ಆ ಹೊತ್ತಿನಲ್ಲಿ, ತಾನು ಏನು ಮಾಡುತ್ತಿದ್ದೇನೆ ಅನ್ನುವ ತಿಳಿವಳಿಕೆ ಇರಬೇಕು. ಇಲ್ಲದಿದ್ದರೆ ಆ ವ್ಯವಹಾರವನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಆಗ ಡಾಕ್ಟರ ಚೀಟಿ ಬೇಕಾಗುತ್ತದೆ. ಎಂದಿನಿಂದ ಮರೆವು ಇದೆ ಅನ್ನುವುದಕ್ಕೆ ದಾಖಲೆ ಬೇಕಾಗುತ್ತದೆ. ಬೇಗ ಆಸ್ಪತ್ರೆಗೆ ಹೋಗಿ ಅನ್ನುವುದಕ್ಕೆ ಇದೂ ಒಂದು ಕಾರಣ. ಹಿರಿಯರ ಪಾಲನೆಗೆ 2007ರಲ್ಲಿ ಒಂದು ಕಾಯಿದೆ ಬಂದಿದೆ. ಜಮೀನು ದಾನ ಬರೆದುಕೊಡುವಾಗ 'ನನ್ನನ್ನು ಸಾಕಿ ಸಲಹಬೇಕು' ಅಂತ ಷರತ್ತು ಬರೆಸಿರಿ. ಬರೆಸಿಕೊಂಡವರು ಸಾಕದಿದ್ದರೆ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡಿಸಲು ಕೇಳಬಹುದು. ಬಾಯಿ ಮಾತು ಸಾಲದು, ಪತ್ರದಲ್ಲಿ ಇರಬೇಕು. ಈಗ ನಿಮಗೆ ಓದಲು ಬರುತ್ತದೆ. ಓದದೆ ಹೆಬ್ಬೆಟ್ಟು ಒತ್ತಬೇಡಿ, ಮನೆಯ ಹಿರಿಯರ ಹೆಬ್ಬೆಟ್ಟನ್ನೂ ಒತ್ತಲು ಬಿಡಬೇಡಿ.

ಕಾಯಿಲೆ ಬಾರದಂತೆ ತಡೆಯಬಹುದೇ? ಎಲ್ಲವನ್ನೂ ತಡೆಯಲು ಆಗದು. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರು ಲೋಕದ ಅಧ್ಯಯನಗಳನ್ನು ನೋಡಿ 14 ಕಾರಣಗಳನ್ನು ಹೇಳಿದರು. ಇವನ್ನು ಸರಿಪಡಿಸಿದರೆ ನೂರರಲ್ಲಿ ಸುಮಾರು 45 ಕಾಯಿಲೆಗಳನ್ನು ತಡೆಯಬಹುದು, ಇಲ್ಲವೇ ಮುಂದಕ್ಕೆ ತಳ್ಳಬಹುದು. ಬೀಡಿ, ಹೆಂಡ, ಬಿ.ಪಿ., ಸಕ್ಕರೆ, ಹೊಗೆ, ತಲೆಗೆ ಪೆಟ್ಟು, ಇವೆಲ್ಲ ಅದರಲ್ಲಿವೆ. ಬೈಕು ಹತ್ತುವ ಮಗನಿಗೆ ಹೆಲ್ಮೆಟ್ ಹಾಕಿಕೋ ಅಂತ ಹೇಳುವುದೂ ಮೆದುಳಿನ ಆರೋಗ್ಯವೇ. ಇದನ್ನೆಲ್ಲ ಬೇರೆ ದಿನ ಕೇಳಿದ್ದೀರಿ. ಯಾರೂ ಹೇಳದ ಒಂದನ್ನು ಹೇಳುತ್ತೇವೆ. ಕಿವಿ! ಕಿವಿ ಮಂದವಾದರೆ ಮೆದುಳಿಗೆ ಕೆಲಸ ಕಡಿಮೆಯಾಗುತ್ತದೆ. ಮಾತು ಕೇಳಿಸದವರು ಜನರಿಂದ ದೂರ ಕೂರುತ್ತಾರೆ. ರೇಷ್ಮೆ ಹುರಿ ಮಾಡುವ ಮಿಷನ್ನಿನ ಮುಂದೆ, ಕನಕಪುರದ ಕಲ್ಲು ಕ್ವಾರಿಯಲ್ಲಿ ಇಡೀ ಆಯಸ್ಸು ಕಳೆದವರ ಕಿವಿ ಏನಾಗಿರಬೇಕು? ಕಿವುಡು ಅಂತ ನಗಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಬೇಕಾದರೆ ಯಂತ್ರ ಹಾಕಿಸಿ. ಕಣ್ಣಿನ ಪೊರೆಯೂ ಹಾಗೆಯೇ. ಬೇಗ ತೆಗೆಸಿ.

ಓದದೆ ಇರುವುದೂ ಆ 14ರಲ್ಲಿ ಒಂದು. ಮಕ್ಕಳಾಗಿದ್ದಾಗ ಕಲಿತದ್ದಕ್ಕೆ ಬಲ ಹೆಚ್ಚು, ನಿಜ. ಅದಕ್ಕೇ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ ಅಂತ ಹೇಳುವುದು. ಆದರೆ ಐವತ್ತರಲ್ಲಿ ಸ್ಲೇಟು ಹಿಡಿದ ನೀವೂ ಮೆದುಳಿಗೆ ಕೆಲಸ ಕೊಟ್ಟಿದ್ದೀರಿ. ಹೈದರಾಬಾದಿನಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು ಮರೆವಿನ ಕಾಯಿಲೆಯ 648 ಜನರನ್ನು ನೋಡಿ 2013ರಲ್ಲಿ ಒಂದು ವಿಷಯ ಹೇಳಿದರು. ಎರಡು ಭಾಷೆ ಮಾತಾಡುವವರಿಗೆ, ಒಂದೇ ಭಾಷೆಯವರಿಗಿಂತ, ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದು ಬಾರದವರಲ್ಲೂ ಹೀಗೆ ಕಂಡಿತು. ಆ ಡಾಕ್ಟರು ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬಂದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ, ಉರ್ದು, ತೆಲುಗು ಒಂದೇ ಉಸಿರಿನಲ್ಲಿ ಮಾತಾಡುವವರು ಎಷ್ಟು ಜನ ಇದ್ದಾರೆ! ಅವರ ಬಾಯಿ ಮುಚ್ಚಿಸಬೇಡಿ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕೂ ನಮ್ಮಂತೆಯೇ ರಾಗಿ, ಮಾವು, ರೇಷ್ಮೆಯ ಸೀಮೆ. ಅಲ್ಲಿಯ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಹೋಗುವ ಕೆಲಸವನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರಲ್ಲಿ ಶುರು ಮಾಡಿತು. ಹಳ್ಳಿಯವರ ಮೆದುಳು ಹೇಗೆ ಮುಪ್ಪಾಗುತ್ತದೆ ಅಂತ ಹಳ್ಳಿಗೇ ಬಂದು ಕೇಳುವುದು ನಮಗೆ ಮೆಚ್ಚುಗೆಯಾದ ಕೆಲಸ.

ಈಗಾಗಲೇ ಮನೆಯಲ್ಲಿ ಕಾಯಿಲೆಯವರು ಇದ್ದರೆ? ವಾದ ಮಾಡಬೇಡಿ. "ಈಗ ತಾನೆ ಉಂಡೆಯಲ್ಲ" ಅಂದರೆ ಅವರಿಗೆ ಸಿಟ್ಟು ಬರುತ್ತದೆ. "ಆಯ್ತವ್ವ, ಒಲೆ ಮೇಲಿದೆ, ಅಲ್ಲಿಗಂಟ ಇದು ತಿನ್ನು" ಅಂತ ಒಂದು ಬಾಳೆಹಣ್ಣು ಕೊಡಿ. ನಂಟರು ಬಂದಾಗ, "ನಾನು ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡುತ್ತಾರಲ್ಲ, ಅದು ಬಹಳ ಕ್ರೂರ. ನೀವೇ ಹೆಸರು ಹೇಳಿ. ಮಲಗುವ ಜಾಗ, ತಟ್ಟೆ, ಚೊಂಬು ಬದಲಾಯಿಸಬೇಡಿ. ಅವರೆಕಾಯಿ ಬಿಡಿಸಲು ಕೊಡಿ, ಅರ್ಧ ಬಿಡಿಸಿದರೂ ಸಾಕು. ಗ್ಯಾಸಿನ ಕೀಲಿ ತಿರುಗಿಸಿಡಿ, ಬಾವಿ ತೊಟ್ಟಿ ಮುಚ್ಚಿಡಿ. ಊರಿನ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಅಂಗಿಯ ಒಳಜೇಬಿಗೆ ಹೊಲಿಯಿರಿ. ಆ ಚೀಟಿಯನ್ನು ನಿಮ್ಮ ಕೈಯಲ್ಲೇ ಬರೆಯಿರಿ. ಮನೆ ಬಿಟ್ಟು ಹೋದರೆ ಸಂಜೆವರೆಗೂ ಕಾಯದೆ ಪೊಲೀಸರಿಗೆ ಹೇಳಿ.

ಇಷ್ಟೆಲ್ಲ ಮಾಡುವವರು ಯಾರು? ಮಗಳು, ಸೊಸೆ, ಹೆಂಡತಿ. ರಾತ್ರಿ ನಿದ್ದೆ ಇಲ್ಲ, ಹಗಲು ಕೂಲಿ. ಗಂಡಸರೇ, ವಾರಕ್ಕೆ ಎರಡು ದಿನ ನಿಮ್ಮ ತಾಯಿಯನ್ನು ನೀವು ನೋಡಿಕೊಳ್ಳಿ. ಅವಳು ತವರಿಗೋ ಸಂಘದ ಮೀಟಿಂಗಿಗೋ ಹೋಗಿ ಬರಲಿ.

ಎಲ್ಲಿಗೆ ಹೋಗಬೇಕು? ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಶುರು ಮಾಡಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಲ್ಲಿ ಅಂತ ವಿಚಾರಿಸಿ. ಫೋನಿನಲ್ಲಿ ಕೇಳುವುದಾದರೆ ಟೆಲಿ ಮನಸ್ ಅಂತ ಇದೆ, 14416. ಹಿರಿಯರ ಸಹಾಯವಾಣಿ 14567. ಎರಡಕ್ಕೂ ಹಣ ಇಲ್ಲ. ಹೋಗುವಾಗ ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮರೆವು ಯಾವಾಗಿನಿಂದ, ಏನೇನು, ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಈಗ ಸ್ಲೇಟು ತೆಗೆಯಿರಿ. ಆ ಎರಡು ನಂಬರ್ ಬರೆದುಕೊಳ್ಳಿ. ಆಮೇಲೆ ನಿಮ್ಮ ನಿಮ್ಮ ಮನೆಯ ಮಾತು ಹೇಳಿ, ನಾವು ಕೇಳುತ್ತೇವೆ.