ಅಗ್ರೆಸಿವ್ ಅಂದ್ರೆ ಏನು?

ನನ್ನನ್ನು 'ಅಗ್ರೆಸಿವ್ ಆ್ಯಂಕರ್' ಅಂತಾರೆ. ಪ್ರೋಮೋದಲ್ಲೂ ಅದನ್ನೇ ಹಾಕ್ತಾರೆ. ಹೊಗಳಿಕೆ ಅಂತಲೇ ತಗೊಂಡಿದ್ದೆ, ಸವಳಂಗದಿಂದ ದೊಡ್ಡಮ್ಮ ಫೋನ್ ಮಾಡುವ ತನಕ.

"ನಿಮ್ ದೊಡ್ಡಪ್ಪಗೆ ಏನೋ ಆಗೈತಪ್ಪ. ತಟ್ಟೆ ಎಸೆದ್ರು, ನನ್ ಮ್ಯಾಲೇ ಕೋಲು ಎತ್ತಿದ್ರು."

78 ವರ್ಷದ ಮನುಷ್ಯ. ಎತ್ತಿನ ಮೇಲೂ ಕೋಲು ಬೀಸಿದವರಲ್ಲ. ಫೋನ್ ಅವರಿಗೆ ಕೊಡಿಸಿ, ಪ್ಯಾನೆಲ್‌ನಲ್ಲಿ ಕೂತವರನ್ನು ತರಾಟೆಗೆ ತಗೊಂಡ ಹಾಗೇ ತಗೊಂಡೆ. ಅವರು ಮಾತಾಡಲಿಲ್ಲ. ಬೀದಿಯಲ್ಲಿ ಆಗಲೇ ತೀರ್ಪು ಬಂದಿತ್ತು. ಒಬ್ಬರು ಗಾಳಿ ಸೋಕಿದೆ ಅಂದ್ರು, ಇನ್ನೊಬ್ಬರು ಆಸ್ತಿ ಭಾಗದ ಸಿಟ್ಟು ಅಂದ್ರು.

ಮಾರನೇ ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಯ್ತು. ಸೋಡಿಯಂ 114. ಇರಬೇಕಾದದ್ದು 135ರಿಂದ 145. ಬಿಪಿಗೆ ತಗೊಳ್ತಿದ್ದ, ಮೂತ್ರ ಜಾಸ್ತಿ ಮಾಡುವ ಮಾತ್ರೆ. ಅದರ ಮೇಲೆ ನಾಲ್ಕು ದಿನದ ವಾಂತಿ-ಭೇದಿ. ರಕ್ತದಲ್ಲಿ ಉಪ್ಪಿನಂಶ ಇಳಿದರೆ ನೀರು ಮಿದುಳಿನ ಜೀವಕೋಶಗಳ ಒಳಗೆ ನುಗ್ಗುತ್ತೆ, ಅವು ಊದಿಕೊಳ್ತವೆ. ಮನುಷ್ಯನಿಗೆ ತಾನೆಲ್ಲಿದ್ದೀನಿ, ಎದುರಿಗಿರೋರು ಯಾರು ಅಂತ ತಿಳಿಯಲ್ಲ. ಡಾಕ್ಟರ್ ಭಾಷೆಯಲ್ಲಿ ಡೆಲಿರಿಯಂ. ದೊಡ್ಡಪ್ಪನ ಕಣ್ಣಿಗೆ ದೊಡ್ಡಮ್ಮ ಯಾರೋ ಅಪರಿಚಿತೆ. ಅವರು ಹೆದರಿ ಕೋಲು ಎತ್ತಿದ್ದು.

ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಬೆದರಿಸ್ತೀವಲ್ಲ, ಹೆಸರಲ್ಲೇ ಇದೆ ನೋಡಿ: ಬೆದರಿಸೋರು ನಾವು. ಅದು ನುಗ್ಗಿದಾಗ ಮಾತ್ರ ಹೋರಿ ಉಗ್ರ ಅಂತೀವಿ!

ನಾನು ಓದಿದ್ದು ಎಂಜಿನಿಯರಿಂಗ್. ತೊಂದರೆ ಸಿಕ್ಕಿತು, ಸರಿ ಮಾಡಿ, ಮುಗೀತು. "ಡಾಕ್ಟ್ರೇ, ಅಗ್ರೆಸಿವ್ ಆಗಿ ಟ್ರೀಟ್ ಮಾಡಿ, ಖರ್ಚಿಗೆ ಯೋಚನೆ ಬೇಡ" ಅಂದೆ. "ಅದೊಂದು ಮಾಡೋ ಹಾಗಿಲ್ಲ" ಅಂದ್ರು. ದಿನಗಟ್ಟಲೆ ಕಡಿಮೆ ಇದ್ದ ಸೋಡಿಯಂಗೆ ಮಿದುಳು ಹೊಂದಿಕೊಂಡಿರುತ್ತೆ. ಒಮ್ಮೆಲೇ ಏರಿಸಿದರೆ ಮಿದುಳಿನ ನರತಂತುಗಳ ಹೊದಿಕೆಯೇ ಹಾಳಾಗಿ ಮಾತು, ಕೈಕಾಲು ಹೋಗಬಹುದು. ಫಿಟ್ಸ್ ಇದ್ದರೆ ಮೊದಲು ಸ್ವಲ್ಪ ಬೇಗ ಏರಿಸ್ತಾರೆ. ಆಗಲೂ 24 ಗಂಟೆಯಲ್ಲಿ ಸುಮಾರು 8 ಅಂಕ ದಾಟದ ಹಾಗೆ ನೋಡ್ಕೋತಾರೆ. ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡೋದು, ಕಾಯೋದು.

ಇದೇ ಪದ ಕ್ಯಾನ್ಸರ್ ವಾರ್ಡ್‌ನಲ್ಲಿ ಬೇರೆ. ಅಲ್ಲಿ ಅಗ್ರೆಸಿವ್ ಅಂದ್ರೆ ಗಡ್ಡೆಗೆ ಸಿಟ್ಟು ಅಂತಲ್ಲ, ವೇಗ ಅಂತ. ಕೇಳಿದ ತಕ್ಷಣ ಮನೆಯವರು ಕೈಚೆಲ್ಲಿ ಕೂರ್ತಾರೆ. ಆದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಲಿಂಫೋಮಾ ನೋಡಿ: ಅದರಲ್ಲಿ ವೇಗವಾಗಿ ಬೆಳೆಯುವ ಕೆಲವು ಬಗೆ ಚಿಕಿತ್ಸೆಯಿಂದ ಪೂರ್ತಿ ವಾಸಿಯಾಗ್ತವೆ. ನಿಧಾನದವು ವರ್ಷಗಟ್ಟಲೆ ತಣ್ಣಗಿದ್ದರೂ ಬೇರುಸಹಿತ ಹೋಗೋದು ಅಪರೂಪ.

ಹಾಗಂತ ದಿನಾ ಕುಡಿದು ಬಂದು ಹೆಂಡತಿಗೆ ಹೊಡೆಯೋನಿಗೆ ಸೋಡಿಯಂ ನೆಪ ಕೊಡಬೇಡಿ. ಮನಃಶಾಸ್ತ್ರ ಆಕ್ರಮಣ ಅನ್ನೋದು ನೋಯಿಸುವ ಉದ್ದೇಶ ಇದ್ದಾಗ. ನಾನು ಹೇಳ್ತಿರೋದು, ನಿನ್ನೆವರೆಗೆ ಸರಿಯಿದ್ದ ಹಿರಿಯರು ಇವತ್ತು ದಿಢೀರನೆ ಬದಲಾದರೆ ಬೈಬೇಡಿ. ಆಸ್ಪತ್ರೆಗೆ ಕರ್ಕೊಂಡು ಹೋಗಿ. ಶುಗರ್, ಸೋಡಿಯಂ, ಆಮ್ಲಜನಕ, ಮೂತ್ರದ ಸೋಂಕು ನೋಡಲಿ. ಮಾತ್ರೆ ಚೀಟಿಯೂ ಜೊತೆಗಿರಲಿ.

ಐದನೇ ದಿನ ದೊಡ್ಡಪ್ಪ ಎದ್ದು ಕೂತಿದ್ದರು. ಏನೂ ನೆನಪಿರಲಿಲ್ಲ. "ಅವತ್ತು ನೀನು ಫೋನ್ ಮಾಡಿದ್ದೆಯಂತೆ, ಏನಂದಿ?" ಅಂತ ಕೇಳಿದರು.

"ಆರೋಗ್ಯ ಹೆಂಗೈತಿ ಅಂತ ಕೇಳಿದ್ದೆ ದೊಡ್ಡಪ್ಪ" ಅಂದೆ. ದೊಡ್ಡಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.